ಟ್ಯಾಂಕಿನ ಮುಂದೆ ನಿಂತು ಏನು ಕೇಳಬೇಕು?

(ಪದವಿ ಕಾಲೇಜೊಂದರಲ್ಲಿ ಇತಿಹಾಸದ ವಿದ್ಯಾರ್ಥಿಗಳು ಮತ್ತು ಎನ್‌ಸಿಸಿ ಕೆಡೆಟ್‌ಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾರವಾರದ ಟ್ಯಾಗೋರ್ ಕಡಲತೀರ ನೋಡಿದವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕರ್ಧ ಇದ್ದೀರಿ. ಹಾಗಿದ್ದರೆ ಅಲ್ಲಿ ದಡದ ಮೇಲೆ ಕೂತಿರುವ ಯುದ್ಧನೌಕೆಯನ್ನೂ ನೋಡಿರುತ್ತೀರಿ. ಐಎನ್‌ಎಸ್ ಚಪಲ್. ಊರಲ್ಲಿ ಚಾಪೆಲ್ ಅನ್ನುವವರೇ ಹೆಚ್ಚು. 2006ರಿಂದ ಅದು ವಸ್ತುಸಂಗ್ರಹಾಲಯ. ಟಿಕೆಟ್ ತಗೊಂಡು ಒಳಗೆ ಹೋಗಬಹುದು, ಕ್ಷಿಪಣಿ ಇಡುತ್ತಿದ್ದ ದೊಡ್ಡ ಪೆಟ್ಟಿಗೆಗಳ ಪಕ್ಕ ನಿಂತು ಫೋಟೋ ಹೊಡೆಸಿಕೊಳ್ಳಬಹುದು. ಅಲ್ಲಿ ನಿಂತವರ ಬಾಯಲ್ಲಿ ಬಹಳ ಸಲ ಕೇಳಿಬರುವ ಮಾತು ಒಂದಿದೆ: "1971ರಲ್ಲಿ ಕರಾಚಿ ಬಂದರನ್ನು ಸುಟ್ಟಿದ್ದು ಇದೇ ಹಡಗು."

ಕತೆ ನಿಜ, ಹಡಗು ಬೇರೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ನೌಕಾಪಡೆ ದಿನವನ್ನು ನಾವು ಡಿಸೆಂಬರ್ 4ರಂದು ಆಚರಿಸುವುದು ಆ ದಾಳಿಯ ನೆನಪಿಗೆ. ನಾಲ್ಕು ದಿನ ಬಿಟ್ಟು ಮತ್ತೆ ಹೋದದ್ದು ವಿನಾಶ್. ನಮ್ಮ ಚಪಲ್ ನೌಕಾಪಡೆಗೆ ಸೇರಿದ್ದು 1976ರಲ್ಲಿ, ಯುದ್ಧ ಮುಗಿದು ಐದು ವರ್ಷವಾದ ಮೇಲೆ. ಇದೂ ಸೋವಿಯತ್ ದೇಶದಲ್ಲೇ ಕಟ್ಟಿದ್ದು, ಅದೇ ಕುಟುಂಬದ ಸುಧಾರಿಸಿದ ಮಾದರಿ. ಅಣ್ಣಂದಿರ ಪರಾಕ್ರಮ ತಮ್ಮನ ಹೆಸರಿಗೆ ಜಮೆಯಾಗಿದೆ, ಅಷ್ಟೇ.

ಇಷ್ಟು ಹೇಳಿದ ಕೂಡಲೇ ಕೆಲವರಿಗೆ ಬೇಜಾರಾಗುತ್ತದೆ, ಹಾಗಾದರೆ ನೋಡಿದ್ದು ದಂಡವಾಯಿತಾ ಅಂತ. ಖಂಡಿತ ಇಲ್ಲ. ಒಳಗೆ ಇಳಿದು ನೋಡಿ. ಎಷ್ಟು ಇಕ್ಕಟ್ಟು! ಈ ದೋಣಿಗಳನ್ನು ಮಾಡಿದ್ದು ತಮ್ಮ ದಡ ಕಾಯುವುದಕ್ಕೆ. ದೂರ ಹೋಗುವಷ್ಟು ಇಂಧನ ಹಿಡಿಸುತ್ತಿರಲಿಲ್ಲ. ಅದಕ್ಕೇ 1971ರಲ್ಲಿ ದೊಡ್ಡ ಹಡಗುಗಳು ಇವನ್ನು ಎಳೆದುಕೊಂಡು ಹೋಗಬೇಕಾಯಿತು. ಆ ರಾತ್ರಿ ಅರಬ್ಬೀ ಸಮುದ್ರದ ನಡುವೆ ಇಂಥದ್ದೊಂದು ಪೆಟ್ಟಿಗೆಯೊಳಗೆ ಕೂತವರಿಗೆ ಹೇಗನ್ನಿಸಿರಬಹುದು ಅನ್ನುವುದನ್ನು ತಿಳಿಯಲು ಚಪಲ್‌ಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿಲ್ಲ. ಆದರೆ "ಇದು ಅದಲ್ಲ, ಅದರಂಥದ್ದು" ಎಂದು ಗೊತ್ತಿದ್ದು ನೋಡಬೇಕು. ಯುದ್ಧದ ವಸ್ತುವೊಂದರ ಮುಂದೆ ನಿಂತಾಗ ಇದರ ತೂಕ ಎಷ್ಟು, ವೇಗ ಎಷ್ಟು ಎನ್ನುವ ಮೊದಲು, ಇದು ಎಲ್ಲಿತ್ತು, ಯಾರ ಕೈಯಲ್ಲಿತ್ತು, ಆ ಮಾತು ಹೇಳುವವರು ಯಾರು ಎಂದು ಕೇಳಿ. ಇವತ್ತು ನಾನು ಹೇಳಬೇಕೆಂದು ಬಂದದ್ದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ.

ಮಡಿಕೇರಿಗೆ ಬನ್ನಿ. ಜನರಲ್ ಕೆ.ಎಸ್. ತಿಮ್ಮಯ್ಯ ಬೆಳೆದ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಅದಕ್ಕೆ ಮೊದಲು ಬಹಳ ಕಾಲ ಅಲ್ಲಿ ಆರ್‌ಟಿಒ ಕಚೇರಿ ಇತ್ತು. ದೇಶದ ಭೂಸೇನೆಯ ಮುಖ್ಯಸ್ಥರಾಗಿದ್ದವರು ಆಡಿ ಬೆಳೆದ ಮನೆಯಲ್ಲಿ ಜನ ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದರು. ಈಗ ಅಂಗಳದಲ್ಲಿ ಟಿ-55 ಟ್ಯಾಂಕ್ ಇದೆ, ಮಿಗ್-21 ವಿಮಾನ ಇದೆ. ಮಕ್ಕಳು ಬಂದವರೇ ಓಡುವುದು ಅವುಗಳ ಕಡೆಗೆ. ಓಡಲಿ ಬಿಡಿ.

ಆದರೆ ತಿಮ್ಮಯ್ಯನವರ ಹೆಸರಿನ ಜೊತೆ ಅಂಟಿಕೊಂಡಿರುವ ಟ್ಯಾಂಕು ಅದಲ್ಲ. ಅದು ಸ್ಟುವರ್ಟ್, ಎರಡನೇ ಮಹಾಯುದ್ಧ ಕಾಲದ ಹಗುರ ಟ್ಯಾಂಕು. ಟಿ-55ರ ಪಕ್ಕ ನಿಲ್ಲಿಸಿದರೆ ಪುಟ್ಟದಾಗಿ ಕಂಡೀತು. 1948ರಲ್ಲಿ ಲಡಾಖಿಗೆ ಹೋಗುವ ದಾರಿಯನ್ನು ಜೋಜಿ ಲಾ ಕಣಿವೆದಾರಿಯಲ್ಲಿ ಪಾಕಿಸ್ತಾನದ ಕಡೆಯ ಎದುರಾಳಿಗಳು ಕಟ್ಟಿಹಾಕಿದ್ದರು. ಎತ್ತರ ಸುಮಾರು 11,500 ಅಡಿ. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಆಗ ಅಲ್ಲಿನ ಡಿವಿಷನ್ ಕಮಾಂಡರ್ ಆಗಿದ್ದ ತಿಮ್ಮಯ್ಯ, ಟ್ಯಾಂಕನ್ನೇ ಅಲ್ಲಿಗೆ ಹತ್ತಿಸೋಣ ಎಂದರು. ಅಷ್ಟೆತ್ತರದಲ್ಲಿ ಟ್ಯಾಂಕು ಕಾದಿದ್ದನ್ನು ಯಾರೂ ಅದುವರೆಗೆ ಕಂಡಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳ ಮೇಲಿನ ಟರೆಟ್, ಅಂದರೆ ತೋಪು ಕೂರಿಸಿದ ಮೇಲ್ಭಾಗವನ್ನು ಬಿಚ್ಚಿ, ಗುರುತು ಸಿಗದ ಹಾಗೆ ಮುಚ್ಚಿ ಸಾಗಿಸಿದರು. ನವೆಂಬರ್ 1ರಂದು ಅವು ಹಿಮದ ನಡುವೆ ಕಣಿವೆಯೊಳಗೆ ನುಗ್ಗಿದವು. ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಆ ತಿಂಗಳು ಮುಗಿಯುವುದರೊಳಗೆ ಲೇಹ್‌ಗೆ ದಾರಿ ತೆರೆಯಿತು.

ಇದು ಎಲ್ಲರೂ ಹೇಳುವ ಕತೆ, ಹೇಳಬೇಕಾದದ್ದೇ. ನನಗೆ ಆಸಕ್ತಿ ಇರುವುದು ಅದರ ಹಿಂದಿನ ಭಾಗದಲ್ಲಿ. ಟ್ಯಾಂಕು ತಾನಾಗಿ ಬೆಟ್ಟ ಹತ್ತುವುದಿಲ್ಲ. ಕಣಿವೆದಾರಿಯ ಬುಡದಲ್ಲಿರುವ ಬಾಲ್ತಾಲ್‌ನಿಂದ ಮೇಲಕ್ಕಿದ್ದದ್ದು ಹೇಸರಗತ್ತೆ ನಡೆಯುವ ಜಾಡು. ಅದನ್ನು ಅಗೆದು, ಬಂಡೆ ಸಿಡಿಸಿ, ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಸೇನೆಯ ಎಂಜಿನಿಯರ್ ಪಡೆಯವರು. ಅವರ ಕೇಂದ್ರ ಎಲ್ಲಿದೆ ಗೊತ್ತಲ್ಲ? ಬೆಂಗಳೂರಿನಲ್ಲಿ, ಹಲಸೂರು ಕೆರೆಯ ಮಗ್ಗುಲಲ್ಲಿ, ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪ್. ದಕ್ಷಿಣದ ಬಿಸಿಲಿನಲ್ಲಿ ಹುಟ್ಟಿ ಬೆಳೆದ ಹುಡುಗರು, ಆ ಚಳಿಯಲ್ಲಿ, ಶತ್ರುವಿನ ಗುಂಡಿನ ಅಳತೆಯೊಳಗೆ ಗುದ್ದಲಿ ಹಿಡಿದು ನಿಂತಿದ್ದರು. ಅವರು ಹಿಡಿದ ಗುದ್ದಲಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಯಾರು ನಿಂತು ನೋಡುತ್ತಾರೆ ಹೇಳಿ! ಟ್ಯಾಂಕಿಗೆ ಇರುವ ಆಕರ್ಷಣೆ ಗುದ್ದಲಿಗೆ ಇಲ್ಲ. ಅದಕ್ಕೇ ಗುದ್ದಲಿಯವನ ಮಾತನ್ನು ಮೊದಲು ಬರೆದಿಟ್ಟುಕೊಳ್ಳಬೇಕು. ಟ್ಯಾಂಕು ಹೇಗೂ ಉಳಿಯುತ್ತದೆ.

ವಸ್ತು ನಮ್ಮ ಕೈಯಲ್ಲಿ ಇಲ್ಲದೆ, ಸಾಕ್ಷಿಯೂ ಇಲ್ಲದೆ ಹೋದರೆ ಏನಾಗುತ್ತದೆ? ಅದಕ್ಕೂ ಕೊಡಗಿನದೇ ಉದಾಹರಣೆ ಇದೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ.

1965ರ ಸೆಪ್ಟೆಂಬರ್ 7, ಬೆಳಗಿನ ಜಾವ. ಆದಂಪುರದಿಂದ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯನವರ ಹೆಸರು ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಇರಲಿ ಎಂದು ಇಟ್ಟುಕೊಂಡಿದ್ದ ಸ್ಟ್ಯಾಂಡ್‌ಬೈ ಪೈಲಟ್ ಅವರು. ಒಂದು ವಿಮಾನ ಕೈಕೊಟ್ಟಿತು, ಇವರು ಸೇರಿಕೊಂಡರು. ದಾಳಿ ಮುಗಿಸಿ ಉಳಿದವರು ಮರಳಿದರು, ದೇವಯ್ಯ ಬರಲಿಲ್ಲ. ಏನಾಯಿತೆಂದು ಕಂಡವರು ನಮ್ಮ ಕಡೆ ಒಬ್ಬರೂ ಇಲ್ಲ. ದಾಖಲೆಯಲ್ಲಿ 'ಕಾಣೆಯಾಗಿದ್ದಾರೆ' ಎಂದು ಬರೆದುಕೊಂಡರು. ಬಳಿಕ ಸತ್ತಿದ್ದಾರೆಂದು ತೀರ್ಮಾನಿಸಿದರು. ಮನೆಯವರಿಗೆ ಸಿಕ್ಕಿದ್ದು ಅಷ್ಟೇ.

ನಿಜಸಂಗತಿ ಹೊರಬಿದ್ದದ್ದು ಎದುರಾಳಿಯ ಕಡೆಯಿಂದ. ಪಾಕಿಸ್ತಾನಿ ವಾಯುಪಡೆಯ ಕಣ್ಣಿನಿಂದ ಆ ಯುದ್ಧವನ್ನು ವಿವರಿಸಿ ಬ್ರಿಟಿಷ್ ಬರಹಗಾರರೊಬ್ಬರು 1979ರಲ್ಲಿ ಒಂದು ಪುಸ್ತಕ ಬರೆದರು. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ಆ ಬೆಳಗ್ಗೆ ಸ್ಟಾರ್‌ಫೈಟರ್ ವಿಮಾನದಲ್ಲಿ ಮಿಸ್ಟೇರ್ ಒಂದರ ಬೆನ್ನಟ್ಟಿ ಹೊಡೆದದ್ದು, ಏಟು ತಿಂದ ಮಿಸ್ಟೇರ್ ಓಡಿಹೋಗದೆ ತಿರುಗಿಬಿದ್ದದ್ದು, ಸ್ಟಾರ್‌ಫೈಟರನ್ನೇ ಕೆಡವಿದ್ದು ಅದರಲ್ಲಿದೆ. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಮಿಸ್ಟೇರಿನ ಪೈಲಟ್ ಉಳಿಯಲಿಲ್ಲ. ಆ ಹೊತ್ತಿಗೆ ಆ ಜಾಗದಲ್ಲಿ ಇರಬಹುದಾಗಿದ್ದ, ಮರಳಿ ಬಾರದ ಮಿಸ್ಟೇರ್ ಯಾವುದು ಎಂದು ನಮ್ಮವರು ಕೂತು ತಾಳೆ ನೋಡಿದಾಗ ದೇವಯ್ಯನವರ ಹೆಸರು ಬಂತು. ಸ್ಟಾರ್‌ಫೈಟರ್ ಧ್ವನಿಯ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದ್ದು. ಮಿಸ್ಟೇರ್ ನೇರ ಹಾರಾಟದಲ್ಲಿ ಧ್ವನಿಯ ವೇಗವನ್ನೂ ಮುಟ್ಟದು. 1988ರಲ್ಲಿ, ಅಂದರೆ ಇಪ್ಪತ್ತಮೂರು ವರ್ಷ ಕಳೆದ ಮೇಲೆ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪದಕವನ್ನು ತೆಗೆದುಕೊಂಡವರು ಅವರ ಪತ್ನಿ ಸುಂದರಿ ದೇವಯ್ಯ.

ಈ ಪ್ರಸಂಗವನ್ನು ವೇದಿಕೆಗಳಲ್ಲಿ ಹೇಳುವಾಗ ಸಾಮಾನ್ಯವಾಗಿ ಶೌರ್ಯಕ್ಕೆ ಚಪ್ಪಾಳೆ ಬೀಳುತ್ತದೆ, ಬೀಳಬೇಕಾದದ್ದೇ. ನಾನು ಇದನ್ನು ತರಗತಿಯಲ್ಲಿ ಹೇಳುವುದು ಬೇರೆ ಕಾರಣಕ್ಕೆ. ಎದುರಾಳಿ ತಾನು ಬಿದ್ದೆ ಎಂದು ಒಪ್ಪಿಕೊಂಡದ್ದರಿಂದ ನಮ್ಮವನ ಗೆಲುವು ನಮಗೆ ಗೊತ್ತಾಯಿತು. ಅವರ ದಾಖಲೆಯನ್ನು ಯಾರೂ ಓದದೆ ಇದ್ದಿದ್ದರೆ ದೇವಯ್ಯ ಇವತ್ತಿಗೂ ಕಾಣೆಯಾದವರ ಪಟ್ಟಿಯಲ್ಲಿ ಒಂದು ಸಾಲು. ಇತಿಹಾಸ ಓದುವವರು ವೈರಿಯ ಕಡತವನ್ನೂ ಓದಬೇಕು ಅಂದರೆ ಕೆಲವರಿಗೆ ಅದು ದೇಶಭಕ್ತಿಗೆ ಕಡಿಮೆಯಾದಂತೆ ಕಾಣುತ್ತದೆ. ಅಂಥವರಿಗೆ ದೇವಯ್ಯನವರ ಕತೆ ಹೇಳಿ.

ಅದೇ ಯುದ್ಧದ ಇನ್ನೊಂದು ವಸ್ತು ಕರಾಚಿಯಲ್ಲಿದೆ. ಅಲ್ಲಿನ ವಾಯುಪಡೆ ಸಂಗ್ರಹಾಲಯದಲ್ಲಿ ನಮ್ಮ ಒಂದು ನ್ಯಾಟ್ ವಿಮಾನ ನಿಂತಿದೆ. 1965ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಪಸ್ರೂರ್ ಎಂಬಲ್ಲಿ ಇಳಿದ ವಿಮಾನ. ತಮ್ಮ ಸ್ಟಾರ್‌ಫೈಟರ್ ಅದನ್ನು ಬಲವಂತವಾಗಿ ಇಳಿಸಿತು ಎನ್ನುವುದು ಅವರ ಮಾತು. ಪೈಲಟ್‌ಗೆ ದಾರಿ ತಪ್ಪಿತು, ಇಂಧನ ಮುಗಿಯುತ್ತಾ ಬಂತು, ಕಂಡ ಓಡುಹಾದಿಯಲ್ಲಿ ಇಳಿದ ಎನ್ನುವುದು ನಮ್ಮ ಕಡೆಯ ಮಾತು. ಅದೇ ನ್ಯಾಟ್ ಜಾತಿಯ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟುತ್ತಿದ್ದರು. ಸೇಬರ್ ಎಂದರೆ ಪಾಕಿಸ್ತಾನದ ಯುದ್ಧವಿಮಾನ; ನಮ್ಮಲ್ಲಿ ನ್ಯಾಟ್‌ಗೆ 'ಸೇಬರ್ ಸಂಹಾರಿ' ಎಂಬ ಬಿರುದು. ಒಂದೇ ವಿಮಾನ ಗಡಿಯ ಆಚೆ ಸೆರೆಸಿಕ್ಕ ವಸ್ತು, ಈಚೆ ಗೆಲುವಿನ ಗುರುತು. ತಗಡಿಗೆ ಎರಡೂ ಒಂದೇ.

ಸ್ವಲ್ಪ ಹಿಂದಕ್ಕೆ ಹೋಗೋಣ, ತೀರಾ ಹಿಂದಕ್ಕೆ. ಯುದ್ಧದಲ್ಲಿ ಸತ್ತವನ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸುವ ಪದ್ಧತಿ ನಮಗೆ ಹೊಸದಲ್ಲ. ಊರಾಚೆ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ವೀರಗಲ್ಲು ಕಾಣದ ತಾಲ್ಲೂಕು ಕಡಿಮೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿರುವುದು. ಈ ಅಚ್ಚು ನಿಮಗೆ ಪಠ್ಯದಲ್ಲಿದೆ, ಬಿಡಿಸಿ ಹೇಳುವುದಿಲ್ಲ. ಆ ಅಚ್ಚಿಗೆ ಸಿಗದ ಒಂದು ಕಲ್ಲಿನ ಬಗ್ಗೆ ಹೇಳುತ್ತೇನೆ.

ಆತಕೂರು, ಮಂಡ್ಯ ಜಿಲ್ಲೆಯದು. ಅಲ್ಲಿನ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ್ದು. ಕಾಲ ಸುಮಾರು ಕ್ರಿ.ಶ. 949. ತಕ್ಕೋಲದ ಯುದ್ಧ: ಒಂದು ಕಡೆ ಚೋಳ ರಾಜಾದಿತ್ಯ, ಇನ್ನೊಂದು ಕಡೆ ರಾಷ್ಟ್ರಕೂಟ ಮೂರನೇ ಕೃಷ್ಣ, ಅವನ ಜೊತೆಗೆ ಗಂಗರ ಬೂತುಗ. ದಕ್ಷಿಣದ ಚರಿತ್ರೆಯ ದಿಕ್ಕನ್ನೇ ತಿರುಗಿಸಿದ ಕಾಳಗ, ರಾಜಾದಿತ್ಯ ಸತ್ತ. ಅದೆಲ್ಲ ಆ ಕಲ್ಲಿನಲ್ಲಿ ಅಕ್ಷರವಾಗಿದೆ. ಚಿತ್ರವಾಗಿರುವುದು ಮಾತ್ರ ಏನು ಗೊತ್ತೆ? ಒಂದು ನಾಯಿ ಮತ್ತು ಒಂದು ಹಂದಿ!

ಬೂತುಗನ ಸೇವಕ ಮಣಲೆರ ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ. ಒಡೆಯ ಮೆಚ್ಚಿ ಬೇಕಾದ್ದು ಕೇಳು ಎಂದ. ಇವನು ಅರಮನೆಯ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ! ಕೊಟ್ಟರು. ಮುಂದೆ ಆ ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೆರ ನಾಯಿಯ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿನ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆಂದೂ ಬರೆಸಿದ. ತಕ್ಕೋಲದ ಯುದ್ಧದ ಬಗ್ಗೆ ರಾಜರು ಬರೆಸಿದ ಪ್ರಶಸ್ತಿಗಳನ್ನೂ, ಅಂದರೆ ಹೊಗಳಿಕೆಯ ಶಾಸನಗಳನ್ನೂ, ಓದಿದ್ದೇನೆ. ಅವುಗಳಲ್ಲಿ ವೈಭವ ಇದೆ. ಇಲ್ಲಿ ಮಾತ್ರ ಯುದ್ಧ ಮುಗಿಸಿ ಊರಿಗೆ ಬಂದ ಸೈನಿಕನಿಗೆ ಏನು ಬೇಕಾಗಿತ್ತು ಎನ್ನುವುದಿದೆ.

ಪ್ರಾಣಿಯ ಮಾತು ಬಂತಲ್ಲ, ಹೈಫಾ ನೆನಪಾಗುತ್ತದೆ. 1918ರ ಸೆಪ್ಟೆಂಬರ್ 23. ಇವತ್ತಿನ ಇಸ್ರೇಲಿನಲ್ಲಿರುವ ಆ ಬಂದರುಪಟ್ಟಣ ಆಗ ಆಟೊಮನ್ ತುರ್ಕರ ಕೈಯಲ್ಲಿತ್ತು. ಜೋಧಪುರ ಲ್ಯಾನ್ಸರ್ಸ್ ಮತ್ತು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಯೇರಿ, ಭರ್ಜಿ ಹಿಡಿದು, ಮಷೀನ್‌ಗನ್ನುಗಳ ಎದುರು ನುಗ್ಗಿ ಊರನ್ನು ಹಿಡಿದರು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿ ಕೂತಿದ್ದ ಫಿರಂಗಿಗಳ ಮೇಲೆ ಹೋದವರು ಮೈಸೂರಿನವರು. ಸತ್ತವರು 8 ಜನ, ಗಾಯಾಳುಗಳು 34. ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ: ಸತ್ತ ಕುದುರೆ 60, ಗಾಯಗೊಂಡದ್ದು 83. ಗುಂಡುಗಳು ಎಲ್ಲಿಗೆ ತಾಗಿದವು ಎನ್ನುವುದನ್ನು ಈ ಅಂಕಿಗಳೇ ಹೇಳುತ್ತವೆ. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಕಂಚಿನ ಯೋಧರು ಜೋಧಪುರ, ಮೈಸೂರು, ಹೈದರಾಬಾದ್ ಪಡೆಗಳ ಪ್ರತಿನಿಧಿಗಳು. ಆ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅದರ ಪಕ್ಕದಲ್ಲೇ ದಿನಾ ಓಡಾಡುವವರಿಗೆ ಅದು ಏನೆಂದು ಗೊತ್ತಿರುವುದಿಲ್ಲ. ಮುಂದೊಮ್ಮೆ ಹೋಗಿ ನೋಡಿ.

ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹೋದವರು 13 ಲಕ್ಷ, ಮರಳದವರು 74 ಸಾವಿರ. ಅವರಲ್ಲಿ ಬರೆಯಲು ಬರುತ್ತಿದ್ದವರು ಕಡಿಮೆ. ಬರೆದ ಕಾಗದಗಳನ್ನೂ ಸೆನ್ಸಾರ್ ಅಧಿಕಾರಿಗಳು ಒಡೆದು ಓದುತ್ತಿದ್ದರು. ಅವರು ಇಂಗ್ಲಿಷಿಗೆ ಮಾಡಿಸಿಕೊಂಡ ತುಣುಕುಗಳು ಲಂಡನ್ನಿನಲ್ಲಿ ಉಳಿದಿವೆ, ಮೂಲ ಕಾಗದಗಳು ಬಹುಪಾಲು ಹೋದವು. ಧ್ವನಿ ಮಾತ್ರ ಅನಿರೀಕ್ಷಿತ ಜಾಗದಲ್ಲಿ ಸಿಕ್ಕಿತು, ಬರ್ಲಿನ್ನಿನಲ್ಲಿ. ಜರ್ಮನರು ಸೆರೆಹಿಡಿದ ಭಾರತೀಯ ಸಿಪಾಯಿಗಳನ್ನು ಕೂರಿಸಿ, ಅವರ ಭಾಷೆಗಳ ಅಧ್ಯಯನಕ್ಕೆಂದು ಗ್ರಾಮಫೋನ್ ತಟ್ಟೆಗಳ ಮೇಲೆ ಅವರ ಮಾತು ಮುದ್ರಿಸಿಕೊಂಡಿದ್ದರು. ಮಾಲ್ ಸಿಂಗ್ ಎಂಬ ಪಂಜಾಬಿ 1916ರ ಡಿಸೆಂಬರಿನಲ್ಲಿ ಆಡಿದ ಮಾತು ಎರಡು ನಿಮಿಷವೂ ಇಲ್ಲ. ಒಬ್ಬ ಮನುಷ್ಯ ಇದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಎರಡು ಸೇರು ಹಾಲು ಕುಡಿಯುತ್ತಿದ್ದ, ಇಂಗ್ಲಿಷರ ನೌಕರಿಗೆ ಸೇರಿದ, ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರ ಕೈಗೆ ಸಿಕ್ಕಿದ, ಈಗ ಊರಿಗೆ ಹೋಗಬೇಕು ಅನ್ನುತ್ತಾನೆ. ಇಷ್ಟೇ ಅದರ ತಿರುಳು. ತನ್ನ ಕತೆಯನ್ನೇ ಅವನು 'ಒಬ್ಬ ಮನುಷ್ಯ' ಎಂದು ಅಜ್ಜಿಕತೆಯ ಧಾಟಿಯಲ್ಲಿ ಹೇಳುತ್ತಾನೆ. ಜರ್ಮನ್ ವಿದ್ವಾಂಸರಿಗೆ ಬೇಕಿದ್ದದ್ದು ಅವನ ಉಚ್ಚಾರ. ಅವನು ಅದರೊಳಗೆ ತನ್ನ ಅಳಲನ್ನು ಇಟ್ಟುಕೊಟ್ಟ.

ಸೈನಿಕರ ಕತೆ ಎಂದರೆ ಇದೇ ಜಾತಿಯದು. ನಮ್ಮ ಬೀದಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದರು, ಸೇನೆಯಲ್ಲಿ ಟ್ರಕ್ ಓಡಿಸಿದವರು, 1971 ಕಂಡವರು. ಯುದ್ಧದ ವಿಷಯ ಹೇಳಿ ಮಾವ ಎಂದರೆ ಗುಂಡಿನ ಮಾತೇ ಬರುತ್ತಿರಲಿಲ್ಲ. ಹೆಡ್‌ಲೈಟ್ ಹಾಕದೆ, ಮುಂದಿನ ಗಾಡಿಯ ಹಿಂಬದಿಯ ಸಣ್ಣ ಬೆಳಕೊಂದನ್ನೇ ನೋಡುತ್ತಾ ರಾತ್ರಿಯಿಡೀ ಓಡಿಸುವುದು ಹೇಗೆ ಎನ್ನುವುದನ್ನು ಮಾತ್ರ ಗಂಟೆಗಟ್ಟಲೆ ಹೇಳುತ್ತಿದ್ದರು. "ನಿದ್ದೆ ಬಂದರೆ ಏನ್ ಮಾಡ್ತಿದ್ರಿ?" ಎಂದರೆ, "ಪಕ್ಕದವನು ತೊಡೆ ಚಿವುಟಬೇಕು ಕಣಯ್ಯ, ಅದೇ ಅವನ ಡ್ಯೂಟಿ" ಅನ್ನುತ್ತಿದ್ದರು. ಈ ಮಾತು ಯಾವ ಸರ್ಕಾರಿ ಇತಿಹಾಸದಲ್ಲೂ ಬರುವುದಿಲ್ಲ. ಆದರೆ ಯಾವುದಾದರೂ ಸಂಗ್ರಹಾಲಯದಲ್ಲಿ ಹಳೆಯ ಸೇನಾ ಟ್ರಕ್ಕೊಂದು ಕಂಡರೆ ನಾನು ಮೊದಲು ಹಿಂದಕ್ಕೆ ಹೋಗಿ, ಬಗ್ಗಿ, ಆ ಸಣ್ಣ ದೀಪ ಎಲ್ಲಿದೆ ಅಂತ ನೋಡುತ್ತೇನೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ ಕೇಳಿದ: ಎಲ್ಲವನ್ನೂ ಉಳಿಸಿಕೊಳ್ಳುವುದು ಸಾಧ್ಯವೇ ಸರ್, ಖರ್ಚು ಬೇಡವೇ? ನ್ಯಾಯವಾದ ಪ್ರಶ್ನೆ. ಐಎನ್‌ಎಸ್ ವಿಕ್ರಾಂತ್ ಉದಾಹರಣೆ ತಗೊಳ್ಳಿ, ಹೊಸದಲ್ಲ, ಹಳೆಯದು. 1961ರಲ್ಲಿ ಸೇವೆಗೆ ಬಂದ ದೇಶದ ಮೊದಲ ವಿಮಾನವಾಹಕ ನೌಕೆ. 1971ರಲ್ಲಿ ಬಂಗಾಳ ಕೊಲ್ಲಿಯಿಂದ ಅದರ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ಬಾಂಬು ಹಾಕಿದವು. 1997ರಲ್ಲಿ ನಿವೃತ್ತಿ. ಆಮೇಲೆ ಮುಂಬಯಿಯಲ್ಲಿ ತೇಲುವ ಸಂಗ್ರಹಾಲಯವಾಗಿತ್ತು. ಹಡಗು ನೀರಿನಲ್ಲಿದ್ದಷ್ಟು ದಿನ ಉಪ್ಪು ತಿನ್ನುತ್ತಲೇ ಇರುತ್ತದೆ, ದುರಸ್ತಿಗೆ ಹಣ ಬೇಕು. 2012ರಲ್ಲಿ ಸುರಕ್ಷಿತವಲ್ಲ ಎಂದು ಮುಚ್ಚಿದರು. ಆಮೇಲೆ ಹರಾಜು, ಕೋರ್ಟು, ಕೊನೆಗೆ 2014ರ ನವೆಂಬರಿನಲ್ಲಿ ಒಡೆಯಲು ಶುರು. ಅದರ ಲೋಹದ ಒಂದು ಪಾಲು ಬಜಾಜ್ ಕಂಪನಿಯ ಬೈಕಿಗೆ ಹೋಯಿತು. ಇವತ್ತು ನಿಮ್ಮಲ್ಲಿ ಯಾರಾದರೂ ಆ ಬೈಕಿನಲ್ಲಿ ಬಂದಿರಲೂಬಹುದು. ಬೈಕು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಹದಿನೈದು ವರ್ಷ ಆ ಹಡಗು ಕಣ್ಣೆದುರೇ ಇದ್ದಾಗ, ಅದರ ಮೇಲೆ ದುಡಿದ ಅಡುಗೆಯವರು, ಎಂಜಿನ್ ರೂಮಿನವರು, ಡೆಕ್ಕಿನ ಮೇಲೆ ಕೈಸನ್ನೆ ಮಾಡುತ್ತಿದ್ದವರು ಇವರನ್ನೆಲ್ಲ ಕರೆಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಮಾತು ಮುದ್ರಿಸಿಕೊಳ್ಳಬಹುದಿತ್ತು. ಅದಕ್ಕೆ ಹಡಗು ಉಳಿಸುವಷ್ಟು ಕೋಟಿ ಬೇಕಾಗಿರಲಿಲ್ಲ.

ಕೊನೆಯ ಪ್ರಶ್ನೆ ಕೆಡೆಟ್ ಹುಡುಗಿಯೊಬ್ಬಳದು. ಮುತ್ತಜ್ಜ ಎರಡನೇ ಮಹಾಯುದ್ಧಕ್ಕೆ ಹೋಗಿದ್ದರಂತೆ, ಟ್ರಂಕಿನಲ್ಲಿ ಎರಡು ಪದಕ, ಒಂದು ಪುಸ್ತಕ ಇದೆಯಂತೆ. ಯಾರಿಗೆ ಕೊಡಬೇಕು?

ಈಗಲೇ ಯಾರಿಗೂ ಕೊಡಬೇಡಮ್ಮ. ಮೊದಲು ಪದಕವನ್ನು ಅಡ್ಡ ಹಿಡಿದು ಅಂಚನ್ನು ನೋಡು. ಆ ಯುದ್ಧದ ಪದಕಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಹಂಚಿದರು, ಭಾರತೀಯರಿಗೆ ಕೊಟ್ಟದ್ದರಲ್ಲಿ ಸಾಮಾನ್ಯವಾಗಿ ಹೆಸರು ಕೆತ್ತಿರುತ್ತಾರೆ. ಗುಂಡನೆಯ ಪದಕವಾದರೆ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ. ನಂಬರು, ಹುದ್ದೆ, ಹೆಸರು, ಪಡೆ, ಇಷ್ಟು ಸಿಕ್ಕರೆ ಹುಡುಕುವುದಕ್ಕೆ ತುದಿ ಸಿಕ್ಕಿದಂತೆ. ಓದಲಾಗದಿದ್ದರೆ ಬೆಳಕನ್ನು ಓರೆಯಾಗಿ ಬಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆ. ಹಬ್ಬಕ್ಕೆ ದೀಪ ತೊಳೆಯುವಾಗ ಅದನ್ನೂ ಹುಣಸೆಹಣ್ಣು ಹಾಕಿ ತಿಕ್ಕುವ ಅಭ್ಯಾಸ ಮನೆಯಲ್ಲಿದ್ದರೆ ದಯವಿಟ್ಟು ನಿಲ್ಲಿಸು, ಅಕ್ಷರ ಸವೆದುಹೋಗುತ್ತದೆ. ಪುಸ್ತಕವನ್ನು ಲ್ಯಾಮಿನೇಟ್ ಮಾಡಿಸಬೇಡ, ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊ. ಮುತ್ತಜ್ಜನನ್ನು ಕಂಡವರು ಮನೆಯಲ್ಲಿ ಯಾರಿದ್ದಾರೆ? ಅಜ್ಜಿ ಇದ್ದಾರಾ? ಹಾಗಾದರೆ ಈ ಭಾನುವಾರ ಟ್ರಂಕನ್ನು ಅಜ್ಜಿಯ ಮುಂದೆ ತೆರೆದು, ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಪಕ್ಕದಲ್ಲಿಡು. ಯುದ್ಧದ ಬಗ್ಗೆ ಕೇಳಬೇಡ. ಅವರು ರಜೆಗೆ ಬಂದಾಗ ಏನು ತರುತ್ತಿದ್ದರು ಅಂತ ಕೇಳು.